ಗುಡಿಯ ದಾರಿ ಬಲ್ಲ ನಾಯಿ

ಕಣ್ಣು ಹೋದದ್ದಕ್ಕೆ ವಿಠ್ಠಲರಾಯರು ಅಷ್ಟೇನೂ ಅತ್ತವರಲ್ಲ. ಜಮಖಂಡಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ಅವರು ನೋಡಿದ ಮೋರೆಗಳನ್ನು ಇನ್ನೊಮ್ಮೆ ನೋಡುವ ಆಸೆ ಯಾರಿಗೂ ಆಗುವಂಥದ್ದಲ್ಲ ಬಿಡಿ. ಅವರ ಸಂಕಟವೆಲ್ಲ ಅಕ್ಕ ಕಾಶೀಬಾಯಿಯದು. ಆಕೆ ತಮ್ಮನ ಉತ್ತರೀಯದ ತುದಿ ಹಿಡಿದು ಮುಂದೆ ಮುಂದೆ ನಡೆಯುತ್ತ, "ಗಟಾರ ಬಂತು, ಎಡಕ್ಕ ಸರಿ! ನಿನ್ನೆ ಬದನೀಕಾಯಿ ತಿಂದಿ, ಹೊಟ್ಟಿ ಈಗ ಹ್ಯಾಂಗದ?" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಒಮ್ಮೆಯಾದರೂ ಒಬ್ಬರೇ ವಿಠೋಬನ ಗುಡಿಗೆ ಹೋಗಿಬರಬೇಕು ಎಂದು ರಾಯರ ಜೀವ ಒದ್ದಾಡುತ್ತಿತ್ತು.

ವಿಲಾಯಿತಿಯಲ್ಲಿ ಕುರುಡರನ್ನು ನಾಯಿಗಳು ನಡೆಸುತ್ತವೆ ಎಂದು ಯಾರೋ ಪತ್ರಿಕೆ ಓದಿ ಹೇಳಿದ್ದೇ ತಡ, ರಾಯರು ಮುಧೋಳದ ಕಡೆಯ ಕುರಿಗಾರ ಜಕ್ಕಪ್ಪನಿಗೆ ಹೇಳಿ ಕಳಿಸಿದರು. ಜಕ್ಕಪ್ಪ ತನ್ನ ಕಣ್ಣಿಗೇ ಬಟ್ಟೆ ಕಟ್ಟಿಕೊಂಡು, ಮಳೆಗಾಲವೆಲ್ಲ ಊರು ಸುತ್ತಿ, ಬಿಜಲಿ ಎಂಬ ಬೇಟೆನಾಯಿಯನ್ನು ಪಳಗಿಸಿ ತಂದ.

"ಇದಕ್ಕ ಉಣ್ಣಲಿಕ್ಕೆ ಹಾಕೀಯೋ ಇಲ್ಲೋ?" ಅದರ ಪಕ್ಕೆಲುಬು ನೋಡಿ ಕಾಶೀಬಾಯಿ ಕೇಳಿದಳು.

"ಇದರ ಜಾತೀನ ಹಿಂಗ್ರೀ ಅವ್ವಾರ. 'ಗುಡಿಗೆ ನಡಿ' ಅಂದ್ರ ಸಾಕ್ರೀ, ಯಾವ ಊರಾಗ ಬಿಟ್ರೂ ವಾಸನಿ ಹಿಡಿದು ಗುಡಿ ಹುಡುಕತೈತಿ. ಒಮ್ಮೀನೂ ತಪ್ಪಿಲ್ಲ."

ಕರ್ಪೂರ, ಊದಿನಕಡ್ಡಿಯ ವಾಸನೆ ಇರಬೇಕೆಂದು ರಾಯರು ಕೈಮುಗಿದರು.

"ನೋಡು ವಿಠ್ಠ್ಯಾ," ಕಾಶೀಬಾಯಿ ಷರತ್ತು ಹಾಕಿದಳು. "ಇವತ್ತ ನೀ ಒಬ್ಬನೇ ಗುಡಿಗೆ ಹೋಗಿ ಬಂದ್ರ ಇಲ್ಲೇ ಇರು. ಇಲ್ಲಾ, ಸಂಜೀ ಮೋಟಾರಿಗೆ ಸಾಂಗ್ಲಿಗೆ, ಸದಾಶಿವನ ಮನೀಗೆ. ನಿನ್ನ ಎಳೆದೆಳೆದು ನನ್ನ ಮೊಣಕಾಲು ಸವದು ಹೋಗ್ಯಾವ."

ರಾಯರ ಅಳಿಯ ಸದಾಶಿವ ಕೋಳಿ ಕೂಗುವ ಮೊದಲೇ ಎಬ್ಬಿಸಿ ತಣ್ಣೀರು ಸುರಿದು ಭಜನೆಗೆ ಕೂರಿಸುವ ಆಸಾಮಿ. ರಾಯರು ನಾಯಿಯ ಹಗ್ಗ ಬಿಗಿ ಹಿಡಿದು, ಓಣಿಗಿಳಿದು, "ಗುಡಿಗೆ ನಡಿ!" ಎಂದರು.

ಬಿಜಲಿ ಹೊರಟಿತು. ಗಟಾರ ತಪ್ಪಿಸಿತು, ಟಾಂಗಾ ಬಂದಾಗ ನಿಂತಿತು, ಕಟ್ಟೆಯ ಮೇಲಿನವರು "ಅಬಾಬಾಬಾ!" ಎಂದರು. ರಾಯರ ಎದೆ ಉಬ್ಬಿತು. ದಾರಿ ಸ್ವಲ್ಪ ಉದ್ದವಾಯಿತು, ಕಾಲಿಗೆ ಜಾಲಿಮುಳ್ಳೂ ಚುಚ್ಚಿತು. ದೇವರ ದಾರಿ ಅಂದಮೇಲೆ ಮುಳ್ಳಿರಬೇಕಾದದ್ದೇ ಎಂದುಕೊಂಡರು. ಕೊನೆಗೆ ನಾಯಿ ನಿಂತಿತು. ಒಳಗೆ ಜನರ ಗುಜುಗುಜು. ರಾಯರು ಚಪ್ಪಲಿ ಕಳಚಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು.

"ಕುಂಡ್ರರಿ ಯಪ್ಪಾ. ಏನ್ ಕೊಡ್ಲಿ?" ಎಂದಳು ಒಬ್ಬ ಹೆಂಗಸು.

"ತೀರ್ಥ ಕೊಡವ್ವಾ."

ಕೇಳಿದ್ದೇ ತಡ ಲೋಟ ಕೈಗೆ ಬಂತು. ತೀರ್ಥ ಲೋಟಗಟ್ಟಲೆ ಕೊಡುವ ಉದಾರ ಗುಡಿ! ರಾಯರು ಒಂದೇ ಗುಟುಕಿಗೆ ಕುಡಿದರು. ಗಂಟಲಿಗೆ ಕೊಳ್ಳಿ ಇಟ್ಟಂತಾಯಿತು.

"ಕರ್ಪೂರ ಭಾಳ ಆತು," ಎಂದು ಕೆಮ್ಮಿ, ಇನ್ನೊಂದು ಲೋಟ ಕೇಳಿದರು. ಆಮೇಲೆ ವಿಠೋಬನನ್ನು ನೆನೆದು ಹಾಡತೊಡಗಿದರು. ಸುತ್ತಲಿನವರು ತಾಳ ಹಾಕಿದರು. ಅಷ್ಟರಲ್ಲಿ ಪಕ್ಕದಲ್ಲೇ ಪರಿಚಯದ ಕೆಮ್ಮು ಕೇಳಿತು.

"ಯಾರು, ಗಿರಿಮಲ್ಲಪ್ಪನವರೇನು? ನೀವು ಗುಡಿಗೆ ಬರೋದು ಯಾವಾಗಿಂದ?"

ಗಿರಿಮಲ್ಲಪ್ಪ ಎದುರು ಮನೆಯವನು. ಪಾನನಿರೋಧದ ದಾರೂಬಂದಿ ಕಾಯಿದೆ ಬಂದಾಗಿನಿಂದ ಊರ ಚೌಕಗಳಲ್ಲಿ ಕುಡಿತದ ವಿರುದ್ಧ ಭಾಷಣ ಬಿಗಿಯುವುದೇ ಅವನ ಉದ್ಯೋಗ. ಈಗ ರಾಯರ ಕಾಲು ಹಿಡಿದ.

"ರಾಯರ, ಸಾವಕಾಶ ಮಾತಾಡ್ರಿ! ಇದು ಸಾರಾಯಿ ಮಾರೂ ಸಾವಕ್ಕನ ಗುಡಿಸಲಾ. ಸರಕಾರ ಬಂದಿ ಮಾಡಿದಾಗಿಂದ ಹಳ್ಯಾಗ ಇಂಥಾ ಜಾಗಾಕ್ಕ ಗುಡಿ ಅಂತಾರ, ಕುಡಿಯೂದಕ್ಕ ತೀರ್ಥ ಅಂತಾರ. ಪೊಲೀಸರಿಗೆ ತಿಳೀಬಾರದಲ್ರೀ!"

ರಾಯರ ನಶೆ ಅರ್ಧ ಇಳಿಯಿತು. ಜಕ್ಕಪ್ಪ ಮಳೆಗಾಲವೆಲ್ಲ ಕಣ್ಣು ಕಟ್ಟಿಕೊಂಡು ನಡೆದ ಗುಡಿ ಯಾವುದೆಂದು ಈಗ ಹೊಳೆಯಿತು. ಇಬ್ಬರೂ ಎಲೆ ಅಡಿಕೆ ಜಗಿದು, ಒಬ್ಬರ ಮಾನ ಇನ್ನೊಬ್ಬರು ಕಾಯುವ ಆಣೆ ಮಾಡಿ ಮನೆಗೆ ಬಂದರು.

"ಎಂಥಾ ಭಕ್ತೀರಿ ಬಾಯಾರ! ತೀರ್ಥ ತಗೊಂಡು ಕಣ್ಣಾಗ ನೀರು ತಂದ್ರು!" ಗಿರಿಮಲ್ಲಪ್ಪ ಸಾಕ್ಷಿ ಹೇಳಿದ. ಅದೇನೂ ಸುಳ್ಳಲ್ಲ.

ಕಾಶೀಬಾಯಿ ಒಪ್ಪುವ ಪೈಕಿಯೇ? "ಎಲ್ಲಿ, ನನ್ನ ಮುಂದ ಒಮ್ಮೆ ನಾಯಿಗೆ ಹೇಳು. ನಾನೂ ಹಿಂದ ಬರ್ತೀನಿ."

ಮುಗಿಯಿತು ಕತೆ. ಸಾಂಗ್ಲಿಯ ತಣ್ಣೀರು ಆಗಲೇ ರಾಯರ ಬೆನ್ನ ಮೇಲೆ ಇಳಿದಂತಾಯಿತು. "ಗುಡಿಗೆ... ನಡಿ," ಎಂದು ಸಣ್ಣ ದನಿಯಲ್ಲಿ ಅಂದರು.

ಬಿಜಲಿ ಬಾಗಿಲ ಕಡೆ ಹೋಗಲೇ ಇಲ್ಲ. ಮೂಗೆತ್ತಿ, ಗಿರಕ್ಕನೆ ತಿರುಗಿ, ರಾಯರನ್ನು ಒಳಗಿನ ಕೋಣೆಗೆ ಎಳೆದೊಯ್ದು ಕಾಶೀಬಾಯಿಯ ಟ್ರಂಕಿನ ಮುಂದೆ ಬಾಲ ಅಲ್ಲಾಡಿಸುತ್ತ ಕೂತಿತು.

"ಅವ್ವಾರ, ಮನ್ಯಾಗೂ ಒಂದು ಗುಡಿ ಐತೇನ್ರೀ?" ಅಲ್ಲಿಯವರೆಗೆ ಜಗಲಿಯಲ್ಲಿ ಕಾದು ಕೂತಿದ್ದ ಜಕ್ಕಪ್ಪ ಹಿಂದೆಯೇ ಬಂದು ಬಾಯಿತೆರೆದ.

ರಾಯರು ಟ್ರಂಕಿನಲ್ಲಿ ಕೈಯಾಡಿಸಿದರು. ಸೀರೆಗಳ ಕೆಳಗೆ ಒಂದು ಲೋಟ, ಒಂದು ಸೀಸೆ ಸಿಕ್ಕವು. ಮೂಸಿದರು. ಸಾವಕ್ಕನ ತೀರ್ಥವೇ.

"ಅದು... ಮೊಣಕಾಲಿಗೆ ಹಚ್ಚಿಗೊಳ್ಳಲಿಕ್ಕೆ."

"ಹಚ್ಚಿಗೊಳ್ಳಲಿಕ್ಕೆ ಲೋಟಾ ಯಾಕ ಅಕ್ಕಾ?"

ಸಾಂಗ್ಲಿಯ ಮಾತು ಅಲ್ಲಿಗೇ ನಿಂತಿತು. ಗೆದ್ದೆ ಎಂದುಕೊಂಡು ರಾಯರು ಆ ರಾತ್ರಿ ಗೊರಕೆ ಹೊಡೆದು ಮಲಗಿದರು.

ಮರುದಿನ ಸಂಜೆ ಕೋಲು ಹುಡುಕಿ, ಚಪ್ಪಲಿ ಮೆಟ್ಟಿ, ಹಗ್ಗಕ್ಕೆ ಕೈ ಚಾಚಿದರು. ಹಗ್ಗ ಸಿಗಲಿಲ್ಲ. ಸಿಕ್ಕಿದ್ದು ಸೆರಗಿನ ತುದಿ.

"ಗಟ್ಟ್ಯಾಗಿ ಹಿಡಕೋ ವಿಠ್ಠ್ಯಾ, ಗಟಾರ ಅದ. ಸೀಸೆ ಖಾಲಿ ಆಗೇದ," ಎಂದು ಕಾಶೀಬಾಯಿ ಪಿಸುಗುಟ್ಟಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಬಿಜಲೀ, ಗುಡಿಗೆ ನಡಿ!"