ಅಪ್ಪನ ಟ್ರ್ಯಾಕ್ಟರು, ಮಗಳ ಭಾಷಣ

ಗಣಿತದ ಮೇಷ್ಟ್ರು ತಪ್ಪು ಕಲಿಸಿದರೆ ಪರೀಕ್ಷೆ ದಿನ ರಾದ್ಧಾಂತವಾಗುತ್ತೆ. ಮಾತು ಕಲಿಸೋ ಮೇಷ್ಟ್ರ ಹಣೆಬರಹವೇ ಬೇರೆ, ಸರಿಯಾಗಿ ಕಲಿಸಿದರೇನೇ ರಾದ್ಧಾಂತ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ಶಿವನಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ನಮ್ಮ ಹುಡುಗರಿಗೆ ಬುದ್ಧಿ ಇದೆ, ಬಾಯಿ ಇಲ್ಲ, ಅದೊಂದನ್ನು ನೀವು ದಯಪಾಲಿಸಿ ಅಂತ ಹೆಡ್ಮಾಸ್ಟರು ಶನಿವಾರದ ಕೊನೇ ಪೀರಿಯಡ್ಡನ್ನು ನನ್ನ ಕೊರಳಿಗೆ ಕಟ್ಟಿದರು. ನಾನೂ ಉಬ್ಬಿಹೋಗಿ ಒಪ್ಪಿಕೊಂಡೆ.

ಕೈ ಬಿಚ್ಚಿದ ಫಲ

ನಮ್ಮ ಕಡೆ ದೊಡ್ಡವರ ಮುಂದೆ ಮಾತಾಡೋವಾಗ ಕೈ ಕಟ್ಟಿ ನಿಲ್ಲಬೇಕು, ಕಣ್ಣು ನೆಲ ನೋಡಬೇಕು. ಮಕ್ಕಳು ಭಾಷಣಕ್ಕೂ ಹಾಗೇ ನಿಲ್ಲೋರು. ನೋಡಿದವರಿಗೆ ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣೋದು. ನಾನು ಮೂರು ನಿಯಮ ಮಾಡಿದೆ. ಕೈ ಬಿಚ್ಚಿ ಮಾತಾಡಬೇಕು. ಕೊನೇ ಸಾಲಿನಲ್ಲಿ ಒಬ್ಬರನ್ನು ಗುರುತಿಟ್ಟುಕೊಂಡು, ಅವರ ಮುಖ ನೋಡಿ, ಅವರಿಗೇ ಹೇಳೋ ಹಾಗೆ ಹೇಳಬೇಕು. ಎದುರು ಪಕ್ಷದವರು ಏನೇ ಅಂದರೂ ಸಿಟ್ಟಾಗದೆ 'ಮಾನ್ಯ' ಅಂತ ಸೇರಿಸಿಯೇ ಉತ್ತರ ಕೊಡಬೇಕು.

ಮೊದಲು ಕೈ ಬಿಚ್ಚಿದವಳು ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ಸಣಕಲು ದೇಹ, ಕಂಚಿನ ಕಂಠ. ಸೋಮವಾರ ಬೆಳಗ್ಗೆ ಅವಳಪ್ಪ ಸ್ಕೂಲಿಗೇ ಬಂದುಬಿಟ್ಟರು. ಮಗಳು ರಾತ್ರಿ ಊಟದ ಹೊತ್ತಲ್ಲಿ ಅವರ ಮುಖಕ್ಕೆ ಮುಖ ಕೊಟ್ಟು, ಕೈ ಆಡಿಸಿಕೊಂಡು ಮಾತಾಡಿದಳಂತೆ. ಇದೇನು ವಿದ್ಯೆಯೋ, ಇದೇನು ಮರ್ಯಾದೆಯೋ ಅಂತ ಶುರು ಮಾಡಿದವರು ಬಲಗೈ ಆಕಾಶಕ್ಕೆ ಎತ್ತಿದರು, ಎಡಗೈಯಲ್ಲಿ ಮೇಜು ಬಡಿದರು, ಆಮೇಲೆ ಎರಡನ್ನೂ ಅಗಲಿಸಿ ಇಡೀ ಸ್ಟಾಫ್ ರೂಮನ್ನು ಸಾಕ್ಷಿಗೆ ಕರೆದರು. ಅಷ್ಟು ಸೊಗಸಾದ ಹಾವಭಾವ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಎಲ್ಲಾ ಮುಗಿದ ಮೇಲೆ ನಾನು ನಿಧಾನಕ್ಕೆ ಹೇಳಿದೆ: "ಯಜಮಾನ್ರೇ, ನಾನು ಕಲಿಸಿದ್ದು ಒಂದೇ ವಾರ. ಉಳಿದಿದ್ದು ಮನೇಲೇ ಕಲಿತಿರೋದು."

ಇಂಟರ್‌ವ್ಯೂ

ಭಾಷಣ ಒಂದೇ ಸಾಲದು, ನಾಳೆ ಕೆಲಸಕ್ಕೆ ಹೋದರೆ ಇಂಟರ್‌ವ್ಯೂ ಎದುರಿಸಬೇಕಲ್ಲ ಅಂತ ಅದರ ಅಭ್ಯಾಸವನ್ನೂ ಇಟ್ಟೆ. ಹೆಡ್ಮಾಸ್ಟರೇ ದೊಡ್ಡ ಆಫೀಸರು. ನಗಬಾರದು, ಗುರುತು ತೋರಿಸಬಾರದು ಅಂತ ಅವರಿಗೂ ಹೇಳಿಕೊಟ್ಟಿದ್ದೆ. ಅವರು ಕೋಟು ಹಾಕಿಕೊಂಡು, ಗಂಟುಮುಖ ಮಾಡಿಕೊಂಡು ಕೂತರು. ಮೊದಲು ಬಂದವಳು ಅದೇ ಹುಡುಗಿ. ಕೂತುಕೋ ಅಂದರು. ಹೆಡ್ಮಾಸ್ಟರ ಎದುರು ಕುರ್ಚಿ ಮೇಲೆ ಕೂರೋದು ಎಲ್ಲಾದರೂ ಉಂಟೇ? ಅವಳು ನೆಲದ ಮೇಲೆ ಕೂತಳು. ಮೇಜಿನ ಆಚೆಗೆ ಬರೀ ಬೈತಲೆ ಕಾಣಿಸ್ತಿತ್ತು.

ಅವಳನ್ನು ಎಬ್ಬಿಸಿ ಕುರ್ಚಿಗೆ ಏರಿಸಿದ ಮೇಲೆ, ನಿಮ್ಮ ಬಗ್ಗೆ ಸ್ವಲ್ಪ ಹೇಳಿ ಅಂತ ಹೆಡ್ಮಾಸ್ಟರು ಕೇಳಿದರು. ನಮ್ಮ ಕಡೆ ಆ ಪ್ರಶ್ನೆಗೆ ಇರೋದು ಒಂದೇ ಉತ್ತರ, ಯಾರ ಮನೆಯವರು ಅನ್ನೋದು. ಅವಳು ಅಪ್ಪನಿಂದ ಹಿಡಿದು ಮುತ್ತಜ್ಜನವರೆಗೂ ಹೋಗಿ, ಅಪ್ಪನ ತಾಯಿಯ ತವರು ಹಿರೇನಲ್ಲೂರು ಅನ್ನೋ ಹೊತ್ತಿಗೆ ಆಫೀಸರ ಗಂಟುಮುಖ ಸಡಿಲವಾಯ್ತು. ಅವರ ಹೆಂಡತಿ ತವರೂ ಹಿರೇನಲ್ಲೂರೇ. ಯಾವ ಬೀದಿ, ಯಾರ ಮನೆ, ಬಾವಿ ಇದೆಯಲ್ಲ ಅದರ ಪಕ್ಕದ್ದಾ ಅಂತ ಶುರುವಾಗಿ, ಅಜ್ಜಿಗೂ ಇವರ ಅತ್ತೆಗೂ ಅಕ್ಕತಂಗಿ ವರಸೆ ಅನ್ನೋವರೆಗೂ ಬಂತು. ಬೆಲ್ ಹೊಡೆಯಿತು. ಉಳಿದ ಹುಡುಗರು ಹೊರಗೆ ಸಾಲಾಗಿ ನಿಂತೇ ಇದ್ದರು.

ಈ ಅಭ್ಯರ್ಥಿ ಪಾಸೋ ಫೇಲೋ ಸಾರ್ ಅಂತ ನಾನು ಕೇಳಿದೆ.

"ನಮ್ಮೋಳೇ ಕಣ್ರೀ, ಫೇಲ್ ಹೆಂಗ್ ಮಾಡಕ್ಕಾಗುತ್ತೆ?" ಅಂದರು.

ಪರ, ವಿರೋಧ

ಅವಳಪ್ಪ ಆ ವರ್ಷವೇ ಒಂದು ಟ್ರ್ಯಾಕ್ಟರ್ ತಂದಿದ್ದರು. ಊರಿಗೆಲ್ಲಾ ಅದೊಂದೇ. ಮನೆ ಎತ್ತುಗಳನ್ನು ಇಟ್ಟುಕೊಂಡೇ, ಊರವರ ಹೊಲಗಳನ್ನು ಟ್ರ್ಯಾಕ್ಟರಲ್ಲಿ ಬಾಡಿಗೆಗೆ ಉಳೋರು. ಗಾಡಿಗೆ ಹಾಕಿದ ಹೂವಿನ ಹಾರ ಇನ್ನೂ ಬಾಡಿರಲಿಲ್ಲ ಅನ್ನಿ. ಅಂಥ ಹೊತ್ತಲ್ಲಿ ನಾನು ಸ್ಕೂಲ್ ಡೇಗೆ ಇಟ್ಟ ಚರ್ಚೆಯ ವಿಷಯ, ಎತ್ತಿನ ಬೇಸಾಯ ಮೇಲೋ ಟ್ರ್ಯಾಕ್ಟರ್ ಬೇಸಾಯ ಮೇಲೋ. ಅವಳಿಗೆ ಕೊಟ್ಟಿದ್ದು ಟ್ರ್ಯಾಕ್ಟರಿನ ವಿರೋಧ. ಚರ್ಚೆ ಅಂದರೆ ಕೊಟ್ಟ ಪಕ್ಷ ಹಿಡಿದು ಮಾತಾಡೋದು ಅಷ್ಟೇ, ಅದು ಸ್ವಂತ ಅಭಿಪ್ರಾಯವಲ್ಲ. ಇದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೇಳೋಕೆ ಬಂದಿದ್ದ ಊರವರಿಗೆ ಗೊತ್ತಿರಲಿಲ್ಲ.

ಅವಳು ಚೆಂದಾಗಿ ಮಾತಾಡಿದಳು. ಟ್ರ್ಯಾಕ್ಟರ್ ಓಡಾಡಿದರೆ ನೆಲ ಗಟ್ಟಿಯಾಗುತ್ತೆ, ಅದು ಗೊಬ್ಬರ ಹಾಕಲ್ಲ, ಕೆಟ್ಟರೆ ರಿಪೇರಿಗೆ ಅಜ್ಜಂಪುರದಿಂದ ಮೆಕ್ಯಾನಿಕ್ ಬರಬೇಕು, ಹೀಗೆ ಒಂದೊಂದೇ ಬಿಡಿಸಿಟ್ಟಳು. ಸಭೆ ತಲೆದೂಗಿತು. ಮಾರನೇ ದಿನ ಟ್ರ್ಯಾಕ್ಟರ್ ಕೇಳಿದ್ದವರೆಲ್ಲಾ ಒಬ್ಬೊಬ್ಬರಾಗಿ ಬಂದು, ಈ ಸಲ ಎತ್ತಲ್ಲೇ ಉತ್ಕೋತೀವಿ ಬಿಡಿ ಅಂದು ಹೋದರು.

ಅವಳಪ್ಪ ಅವರಲ್ಲೊಬ್ಬನನ್ನು ತಡೆದು ಯಾಕಪ್ಪಾ ಅಂತ ಕೇಳಿದರಂತೆ. ಅವನು, "ನಿಮ್ಮನೆ ಮಗಳೇ ಬ್ಯಾಡ ಅಂತ ಮೈಕಲ್ಲಿ ಹೇಳಿದ್ಮೇಲೆ ನಾವೆಂಗೆ ಹಿಡ್ಯಾಣ?" ಅಂದನಂತೆ.

ಮನೆ ಬಾಗಿಲಲ್ಲಿ

ಅಲ್ಲಿಗೆ ಅವಳ ಬಾಯಿಗೆ ಬೀಗ ಬಿತ್ತು. ಮುಂದಿನ ತಿಂಗಳು ತರೀಕೆರೆಯಲ್ಲಿ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆ, ಅಲ್ಲೂ ಇದೇ ವಿಷಯ ಅಂತ ಸುತ್ತೋಲೆ ಬಂದಿತ್ತು. ಕಳಿಸಲ್ಲ ಅಂದರು ಅವಳಪ್ಪ. ಅದಾದರೂ ಹೋಗಲಿ, ಎಸ್ಸೆಸ್ಸೆಲ್ಸಿ ಆದ ಮೇಲೆ ಓದೂ ಸಾಕು ಅಂದುಬಿಟ್ಟರು. ಅವಳಿಗೆ ಕಡೂರು ಕಾಲೇಜಿಗೆ ಸೇರೋ ಆಸೆ. ಶನಿವಾರದ ಪೀರಿಯಡ್ಡಿನಲ್ಲಿ ಮತ್ತೆ ಕೈ ಕಟ್ಟಿಕೊಂಡು, ನೆಲ ನೋಡಿಕೊಂಡು ನಿಂತಳು. ಬಾಯಿ ಕೊಟ್ಟವನು ನಾನು, ನಾನೇ ಕಿತ್ತುಕೊಂಡ ಹಾಗಾಯ್ತಲ್ಲ ಅನ್ನಿಸಿತು.

ಹೆಡ್ಮಾಸ್ಟರನ್ನು ಕರೆದುಕೊಂಡು ಅವಳ ಮನೆಗೆ ಹೊರಟೆ. ಹೇಳಬೇಕಾದ್ದನ್ನೆಲ್ಲಾ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಪೀಠಿಕೆ ಇತ್ತು, ಉದಾಹರಣೆ ಇತ್ತು, ಕೊನೆಗೊಂದು ಕಳಕಳಿಯ ಮನವಿಯೂ ಇತ್ತು. ಜಗಲಿ ಮೇಲೆ ಅವಳಪ್ಪ ಮೀಸೆ ತಿರುವಿಕೊಂಡು ನನ್ನನ್ನು ನೋಡಿದ್ದೇ ತಡ, ಎಲ್ಲಾ ಮರೆತುಹೋಯ್ತು. ಕೆಳಗೆ ನೋಡಿದರೆ ನಾನೂ ಕೈ ಕಟ್ಟಿ ನಿಂತಿದ್ದೆ.

ಹೆಡ್ಮಾಸ್ಟರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಿರೇನಲ್ಲೂರಿನ ಬಾವಿಯಿಂದ ಶುರು ಮಾಡಿದರು. ಕಾಫಿ ಬರೋ ಹೊತ್ತಿಗೆ ಇಬ್ಬರೂ ಭಾವ, ಭಾವ ಅಂತಿದ್ದರು. ಕಡೆಗೆ ಅವಳಪ್ಪ ಒಂದು ಷರತ್ತು ಹಾಕಿ ಒಪ್ಪಿದರು. ತರೀಕೆರೆಯಲ್ಲಿ ಅವಳು ಟ್ರ್ಯಾಕ್ಟರಿನ ಪರವಾಗಿ ಮಾತಾಡಿ, ಹೋದ ಮಾನ ವಾಪಸ್ ತರಬೇಕು. ತಾವೂ ಬಂದು ಕೇಳುತ್ತಾರೆ. ಕಾಲೇಜಿನ ಮಾತು ಆಮೇಲೆ.

ವಾಪಸ್ ಬರ್ತಾ ಹೆಡ್ಮಾಸ್ಟರು ಕೇಳಿದರು: "ಅಲ್ರೀ, ಇಂಟರ್‌ವ್ಯೂಗೆ ನಾನು ಕೇಳಿದ್ದು ಸರಿಯಾದ ಪ್ರಶ್ನೆನೇ ಅಲ್ವೇನ್ರೀ?"

ತರೀಕೆರೆ

ವಿಷಯ ಸುತ್ತೋಲೆಯಲ್ಲಿದ್ದದ್ದೇ, ಎತ್ತು ಮತ್ತು ಟ್ರ್ಯಾಕ್ಟರು. ಹುಡುಗಿ ಪರವಾಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಪರವೋ ವಿರೋಧವೋ ಅನ್ನೋದನ್ನು ವೇದಿಕೆ ಮೇಲೆ ಚೀಟಿ ಎತ್ತಿ ತೀರ್ಮಾನ ಮಾಡ್ತಾರೆ ಅನ್ನೋದು ನನಗೂ ಅಲ್ಲಿಗೆ ಹೋದ ಮೇಲೇ ಗೊತ್ತಾಗಿದ್ದು. ಅವಳು ಚೀಟಿ ಬಿಚ್ಚಿದಳು, ಮುಖ ಸಣ್ಣದಾಯ್ತು. ಟ್ರ್ಯಾಕ್ಟರಿನ ವಿರೋಧ. ನಾನು ಮನೆದೇವರಿಗೆ ಹರಕೆ ಹೊತ್ತೆ. ಅವಳಪ್ಪ ಟವಲ್ ಕೊಡವಿ, ಕೊನೇ ಸಾಲಿನಲ್ಲಿ, ನಟ್ಟನಡುವೆ ಕೂತಿದ್ದರು.

ನಿಯಮ ಅಂದರೆ ನಿಯಮ. ಹುಡುಗಿ ಉಸಿರೆಳೆದುಕೊಂಡಳು, ಕೈ ಬಿಚ್ಚಿದಳು, ಕೊನೇ ಸಾಲಿನಲ್ಲಿ ಒಬ್ಬರನ್ನು ಗುರುತಿಟ್ಟುಕೊಂಡು ಅವರ ಮುಖ ನೋಡಿಯೇ ಶುರು ಮಾಡಿದಳು. ಟ್ರ್ಯಾಕ್ಟರಿನಿಂದ ಗೊಬ್ಬರ ಸಿಗುತ್ತದೆಯೇ ಅಂತ ಅವಳು ಕೇಳಿದ್ದೇ ತಡ, ಅವಳಪ್ಪ ಎದ್ದು ನಿಂತರು.

"ಗೊಬ್ರ ಹಾಕಲ್ಲ, ನಿಜ ಕಣವ್ವಾ. ಆದ್ರೆ ಕೆಲ್ಸ ಇಲ್ದಿರೋ ದಿನ ಅದು ಹುಲ್ಲೂ ತಿನ್ನಲ್ಲ. ಅದನ್ನೂ ಹೇಳು."

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ತೀರ್ಪುಗಾರರು ಗಾಬರಿಯಾಗಿ ಗಂಟೆ ಬಾರಿಸಿ, ಯಾರ್ರೀ ಅದು, ಕೂತ್ಕೊಳ್ರೀ ಅಂದರು.

"ನನ್ನ ಮಖ ನೋಡ್ಕಂಡೇ ಕೇಳ್ತಾವ್ಳೆ ಸ್ವಾಮಿ. ಉತ್ರ ಕೊಡ್ದೆ ಕೂತ್ಕಂಡ್ರೆ ಚೆನ್ನಾಗಿರುತ್ತಾ?" ಅಂದರು ಇವರು.

ಮುಗೀತು ಕಥೆ, ಕಾಲೇಜೂ ಇಲ್ಲ ಗೀಲೇಜೂ ಇಲ್ಲ ಅಂತ ನಾನು ಕಣ್ಣು ಮುಚ್ಚಿಕೊಂಡೆ. ಹುಡುಗಿ ಮಾತ್ರ ಒಂದಿಷ್ಟೂ ಅಲುಗಾಡಲಿಲ್ಲ. ಮೂರನೇ ನಿಯಮ ಅವಳಿಗೆ ನೆನಪಿತ್ತು.

"ಮಾನ್ಯ ಎದುರು ಪಕ್ಷದವರು ಬಹಳ ಒಳ್ಳೆಯ ಮಾತು ಹೇಳಿದರು. ಅವರಲ್ಲಿ ನನ್ನದು ಒಂದೇ ಪ್ರಶ್ನೆ. ಮೊನ್ನೆ ಮಳೆ ಬಂದಾಗ ನಮ್ಮ ಎರೆಹೊಲದ ಕೆಸರಲ್ಲಿ ಹೂತುಹೋದ ಟ್ರ್ಯಾಕ್ಟರನ್ನು ಆಚೆಗೆ ಎಳೆದದ್ದು ಯಾರು?"

ಸಭೆ ಪೂರಾ ಹಿಂದಕ್ಕೆ ತಿರುಗಿತು. ಅವಳಪ್ಪ ಆ ಕಡೆ ಈ ಕಡೆ ನೋಡಿದರು, ಕತ್ತು ಕೆರೆದುಕೊಂಡರು.

"ಎತ್ತು," ಅಂದು ಕೂತರು.

ಮೊದಲ ಬಹುಮಾನ ಅವಳಿಗೇ ಬಂತು. ಬಸ್ಸಿನಲ್ಲಿ ಅವಳು ಬಹುಮಾನದ ಕಪ್ಪನ್ನು ತೊಡೆ ಮೇಲಿಟ್ಟುಕೊಂಡು ಕಿಟಕಿ ಆಚೆ ನೋಡ್ತಾ ಕೂತಳು. ಅವಳಪ್ಪ ನನ್ನ ಕಡೆ ವಾಲಿ, ಎರಡನೇ ಬಹುಮಾನ ಯಾರಿಗೆ ಕೊಟ್ಟರು ಅಂತ ಕೇಳಿದರು. ತರೀಕೆರೆ ಹುಡುಗನೊಬ್ಬನಿಗೆ ಅಂದೆ. ಮೋಸ ಕಣ್ರೀ, ಹುಲ್ಲಿನ ಮಾತಿಗೆ ನನಗೆ ಎಷ್ಟು ಚಪ್ಪಾಳೆ ಬಿತ್ತು ಅಂತ ಗೊಣಗಿದರು.

ಅಜ್ಜಂಪುರದಲ್ಲಿ ಇಳಿದ ಮೇಲೆ ಮಗಳ ಕೈಯಿಂದ ಕಪ್ಪು ಇಸ್ಕೊಂಡು, ಬಸ್ ಸ್ಟ್ಯಾಂಡಿನವರಿಗೆಲ್ಲಾ ಕಾಣೋ ಹಾಗೆ ಹೆಗಲ ಮೇಲಿಟ್ಟುಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಇವ್ಳನ್ನ ಕಡೂರು ಕಾಲೇಜಿಗೆ ಸೇರಿಸ್ಬಿಡಿ. ದಿನಾ ಎದ್ರು ಪಕ್ಷ ಆಗಿ ಕೂರಕ್ಕೆ ನನ್ ಕೈಲಾಗಲ್ಲ. ಆದ್ರೆ ಅಲ್ಲಿಯೋರಿಗೆ ಮೊದ್ಲೇ ಒಂದ್ ಮಾತು ಹೇಳಿರಿ. ಇವ್ಳು ಮಾತಾಡಕ್ಕೆ ನಿಂತಾಗ ಕೊನೇ ಸಾಲಲ್ಲಿ ಯಾರೂ ಕೂತ್ಕಬ್ಯಾಡಿ ಅಂತ."