ಮೇಷ್ಟರ ತೆರಿಗೆ ಯೋಗ

ಚಾಮರಾಜಪೇಟೆಯ ಒಂದು ಸಣ್ಣ ಉಳಿತಾಯದ ಸೊಸೈಟಿಯಲ್ಲಿ ನಾನು ಗುಮಾಸ್ತನಾಗಿದ್ದೆ. ದುಡ್ಡು ಕಟ್ಟುವ ಕಿಂಡಿಯ ಹಿಂದೆ ಕೂತವನಿಗೆ ನಗುವುದಕ್ಕೆ ನಾಟಕ ನೋಡಬೇಕಾಗಿಲ್ಲ, ಅದು ದಿನವೂ ಕಿಂಡಿಗೇ ಬಂದು ನಿಲ್ಲುತ್ತದೆ. ವರಮಾನ ತೆರಿಗೆ ಹೊಸದಾಗಿ ಬಂದ ಕಾಲದಲ್ಲಂತೂ ಕೇಳುವುದೇ ಬೇಡ. ಸಂಬಳ, ಬಾಡಿಗೆ, ಬಡ್ಡಿ ಎಲ್ಲವನ್ನೂ ಕೂಡಿ ಬರೆದುಕೊಡಬೇಕು. ಮೊತ್ತ ಸರ್ಕಾರದ ಮಿತಿ ದಾಟಿದರೆ ತೆರಿಗೆ, ದಾಟದಿದ್ದರೆ ಇಲ್ಲ. ಆದ್ದರಿಂದ ಏಪ್ರಿಲ್ ಬಂತೆಂದರೆ ಬಡ್ಡಿಯ ಚೀಟಿ ಕೇಳುವವರ ಸಾಲು ನಮ್ಮ ಜಗಲಿ ಇಳಿದು ಬೀದಿಗೆ ಬರುತ್ತಿತ್ತು.

೧

ಆ ಸಾಲಿನಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಇದ್ದರು. ಪೆನ್ಷನ್ನು, ವಠಾರದ ಬಾಡಿಗೆ, ನಮ್ಮಲ್ಲಿ ತಮ್ಮ ಮತ್ತು ಹೆಂಡತಿಯ ಹೆಸರಿನಲ್ಲಿ ಒಂದು ಖಾತೆ. ನಾನು ಕೊಟ್ಟ ಬಡ್ಡಿಯ ಚೀಟಿ ನೋಡಿ, ಕಿಂಡಿಯ ಕಟ್ಟೆಯ ಮೇಲೇ ಲೆಕ್ಕ ಕೂಡಿ, ಮುಖ ಸಣ್ಣದು ಮಾಡಿಕೊಂಡರು.

"ಮಿತಿಗೆ ಮೂರು ರೂಪಾಯಿ ಕಡಿಮೆ ಬಿತ್ತಲ್ಲಯ್ಯಾ."

"ಒಳ್ಳೇದೇ ಆಯ್ತಲ್ಲ ಸಾರ್, ತೆರಿಗೆ ಇಲ್ಲ."

"ನಿನಗೇನು ಗೊತ್ತು ನನ್ನ ಕಷ್ಟ? ಮಲ್ಲೇಶ್ವರದ ನಮ್ಮ ಬೀಗರು ತೆರಿಗೆ ಕಟ್ತಾರೆ. ಮಗಳನ್ನ ನೋಡೋಕೆ ಹೋದಾಗಲೆಲ್ಲ ರಸೀದಿ ತಂದು ತೋರಿಸ್ತಾರೆ. ಹೋದ ಸಲ ಪಾಯಸದ ಮಧ್ಯೆ ತೋರಿಸಿದ್ರು."

ಮಾರನೆಯ ದಿನವೇ ಸೈಕಲ್ ಮಾರಿ, ಬಂದ ಎಂಬತ್ತೈದು ರೂಪಾಯಿಯನ್ನು ಖಾತೆಗೆ ಕಟ್ಟಿದರು. ಬರುವ ವರ್ಷ ಮಿತಿಗಿಂತ ಆರಾಣೆ ಜಾಸ್ತಿ ಎಂದು ನಮ್ಮಿಬ್ಬರ ಲೆಕ್ಕವೂ ಒಂದೇ ಬಂತು. ಮುಟ್ಟಿದರೆ ಖರ್ಚಾಗುತ್ತದೆಂದು ಪಾಸ್‌ಬುಕ್ಕನ್ನು ದೇವರ ಮನೆಯಲ್ಲಿಟ್ಟು, ಅಂದಿನಿಂದ ಎಲ್ಲಿಗೂ ನಡೆದೇ ಹೋಗತೊಡಗಿದರು. ತೆರಿಗೆ ಕಟ್ಟುವುದಕ್ಕಾಗಿ ಕಾಲು ಸವೆಸಿದವರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

೨

ಮೇಷ್ಟರು ದುಡ್ಡು ಕಟ್ಟಲು ಬಂದ ದಿನವೇ ಸಾಲಿನಲ್ಲಿ ಅವರ ಮುಂದೆ ತರಕಾರಿ ಮಂಡಿಯ ಸಾಹುಕಾರರೊಬ್ಬರು ನಿಂತಿದ್ದರು. ಸಾಹುಕಾರರದು ತಿರುಗಾ ಮುರುಗಾ ಕಷ್ಟ. ಬಡ್ಡಿ ಸೇರಿದರೆ ಮಿತಿ ದಾಟುತ್ತಾರೆ.

"ಸ್ವಾಮಿ, ನನಗೆ ಅಸಲು ಸಾಕು. ಈ ಬಡ್ಡಿ ನೀವೇ ಇಟ್ಕೊಂಬಿಡಿ."

"ಹಾಗೆಲ್ಲ ಇಟ್ಕೊಳ್ಳೋಕೆ ಬರಲ್ಲ ಸಾಹುಕಾರ್ರೇ."

"ಹಂಗಾದ್ರೆ ಯಾರಿಗಾದ್ರೂ ಕೊಟ್ಬಿಡಿ."

"ನನ್ನ ಖಾತೆಗೆ ಹಾಕಿ," ಎಂದರು ಹಿಂದಿನಿಂದ ಮೇಷ್ಟರು.

ಇಬ್ಬರೂ ಜಗಲಿಯ ಬೆಂಚಿನ ಮೇಲೆ ಕೂತು ಮಾತಾಡಿ, ಸಂಬಂಧ ಕುದುರಿಸಿದವರ ಹಾಗೆ ನಗುತ್ತ ಬಂದರು. ಒಬ್ಬರ ಬಡ್ಡಿ ಇನ್ನೊಬ್ಬರಿಗೆ ಕೊಡುವ ಕಾನೂನು ಇಲ್ಲವೆಂದು ನಾನು ಕೈಮುಗಿದೆ. ಸಾಹುಕಾರರಿಗೆ ಬಲು ಬೇಜಾರಾಯಿತು.

"ಮಂಡೀಲಿ ಸೊಪ್ಪು ಉಳಿದ್ರೆ ಹಸುಗೆ ಹಾಕ್ತೀವಿ. ಈ ಬಡ್ಡಿ ತಿನ್ನೋಕೆ ಒಂದು ಹಸೂನೂ ಇಲ್ವಲ್ಲ ಸ್ವಾಮಿ."

೩

ಕಾರ್ತಿಕ ಮಾಸದ ಹೊತ್ತಿಗೆ ಮೇಷ್ಟರ ಹೆಂಡತಿ ಒಬ್ಬರೇ ಪಾಸ್‌ಬುಕ್ ಹಿಡಿದು ಬಂದರು.

"ಮೂವತ್ತು ರೂಪಾಯಿ ಬೇಕಾಗಿತ್ತಪ್ಪ. ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ, ಹರಕೆ. ಇವ್ರಿಗೆ ಹೇಳ್ಬೇಡ, ಬಾಯಿ ಬಿಟ್ರೆ ಫಲ ಹೋಗುತ್ತೆ."

ದೇವರ ಕೆಲಸ, ಖಾತೆಯಲ್ಲಿ ಅವರ ಹೆಸರೂ ಇದೆ. ಎಣಿಸಿ ಕೊಟ್ಟೆ. ವಾರ ಕಳೆಯುವುದರೊಳಗೆ ಬಾಳೆಯೆಲೆಯಲ್ಲಿ ಬೆಣ್ಣೆಯ ಪ್ರಸಾದ ಬಂತು. ನಾನೂ ನಮ್ಮ ಜವಾನನೂ ಹಂಚಿಕೊಂಡು ತಿಂದೆವು. ಅಷ್ಟು ರುಚಿಯಾದ ಬೆಣ್ಣೆ ನಾನು ಮತ್ತೆ ತಿಂದಿಲ್ಲ. ಏನು ಹರಕೆ ಎಂದು ಕೇಳುವಷ್ಟು ಬಾಯಿ ಖಾಲಿ ಇರಲಿಲ್ಲ.

೪

ಮುಂದಿನ ಏಪ್ರಿಲ್‌ನಲ್ಲಿ ಮೇಷ್ಟರು ಜರಿ ರುಮಾಲು ಸುತ್ತಿಕೊಂಡು ಬಂದರು. ಹಿಂದೆ ಹೆಂಡತಿ. ಸರ್ಕಾರಕ್ಕೆ ಕೊಡುವ ಕಾಗದದಲ್ಲಿ ಬಡ್ಡಿಯೊಂದನ್ನು ಬಿಟ್ಟು ಎಲ್ಲ ಬರೆದಾಗಿತ್ತು. ಚೀಟಿ ಕೊಟ್ಟೆ. ಮೇಲಿನಿಂದ ಕೂಡಿದರು. ಕೆಳಗಿನಿಂದ ಕೂಡಿದರು. ಕನ್ನಡಕ ಒರೆಸಿ ಮತ್ತೆ ಕೂಡಿದರು.

"ಆರಾಣೆ ಜಾಸ್ತಿ ಬರಬೇಕಿತ್ತು, ಮಿತಿಗೆ ಎರಡಾಣೆ ಕಡಿಮೆ. ಎಂಟಾಣೆ ಬಡ್ಡಿ ಎಲ್ಲಿ ಹೋಯ್ತಯ್ಯಾ?"

ನಾನು ಲೆಡ್ಜರಿನೊಳಗೆ ತಲೆ ಹಾಕಿದೆ. ಹೆಂಡತಿಯೇ ಹೇಳಿದರು.

"ಮೂವತ್ತು ರೂಪಾಯಿ ನಾನೇ ತೆಗೆದೆ. ನಮ್ಮನೆಗೆ ತೆರಿಗೆ ಬೀಳದೇ ಇರ್ಲಿ ಅಂತ ಗಣಪತಿಗೆ ಬೆಣ್ಣೆ ಅಲಂಕಾರದ ಹರಕೆ ಹೊತ್ತಿದ್ದೆ. ದೇವರ ಬಾಕಿ ಇಟ್ಕೋಬಾರ್ದು ಅಂತ ಮುಂಚೆನೇ ತೀರಿಸ್ಬಿಟ್ಟೆ. ನೋಡಿ, ಕೈಬಿಡ್ಲಿಲ್ಲ."

ಮೂವತ್ತು ರೂಪಾಯಿ ತೆಗೆದದ್ದರಿಂದಲೇ ಬಡ್ಡಿ ಇಳಿಯಿತೆಂದು ಆಕೆಗೆ ವಿವರಿಸುವುದು ಮೂವತ್ತು ವರ್ಷ ಪಾಠ ಹೇಳಿದವರಿಗೂ ಆಗುವ ಮಾತಲ್ಲ. ಪಾಪ, ಸೈಕಲ್ಲೂ ಹೋಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಆಮೇಲೆ ಮೇಷ್ಟರು ಕ್ಲಾಸಿನಲ್ಲಿ ಕೇಳುವ ದನಿಯಲ್ಲಿ ಕೇಳಿದರು.

"ಆ ಬೆಣ್ಣೆ ಯಾರ್ಯಾರು ತಿಂದ್ರಿ?"

ನಾನು ಕೈ ಎತ್ತಿದೆ. ಬಾಗಿಲಲ್ಲಿದ್ದ ಜವಾನನೂ ಎತ್ತಿದ.

"ನೀವೂ ತಿಂದ್ರಲ್ಲ," ಎಂದರು ಹೆಂಡತಿ. "ಬೀಗರನ್ನ ಊಟಕ್ಕೆ ಕರೆದಿದ್ವಲ್ಲ, ಅವತ್ತು. ಯಾರ ಸೇವೆ ಆದ್ರೇನು, ಪ್ರಸಾದ ಚೆನ್ನಾಗಿದೆ ಅಂತ ರೊಟ್ಟಿಗೆ ಎರಡು ಸಲ ಹಾಕಿಸ್ಕೊಂಡ್ರಿ. ಬೀಗರು ನಾಲ್ಕು ಸಲ."

ಮೇಷ್ಟರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು. ಮುಖದಲ್ಲಿ ನಿಧಾನವಾಗಿ ನಗು ಬಂತು.

"ಸರಿ ಬಿಡು. ತಮ್ಮ ತೆರಿಗೆ ಕಟ್ಟಿದ್ದೂ ಬೀಗರೇ, ನನ್ನ ತೆರಿಗೆ ತಿಂದದ್ದೂ ಅವರೇ. ಅದಕ್ಕೆ ಮಾತ್ರ ರಸೀದಿ ತೋರಿಸ್ಲಿ ನೋಡೋಣ."