ಕುರ್ಚಿ ಇರುವ ಕೆಲಸ

ಎಐ ಕಲಿಸಲು ಹೋದ ಕಡೆಯೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಶನಿವಾರ ತಿ. ನರಸೀಪುರದ ಕಾಲೇಜು ಮಕ್ಕಳಿಗೆ, ಭಾನುವಾರ ನಂಜನಗೂಡಿನ ಕಾರ್ಖಾನೆ ಕೆಲಸಗಾರರಿಗೆ ನನ್ನ ಪಾಠ. ಮಕ್ಕಳು ನನ್ನನ್ನು ಹೇಗೋ ಸಹಿಸಿಕೊಳ್ಳುತ್ತಾರೆ. ಕೆಲಸಗಾರರು ಸುಮ್ಮನೆ ಬಿಡುವುದಿಲ್ಲ.

ಮೊದಲ ದಿನ

ಹುಲ್ಲಹಳ್ಳಿಯಿಂದ ಬಸ್ಸಿನಲ್ಲಿ ಬರುವ ಅಕ್ಕ ಒಬ್ಬರಿದ್ದರು. ಪ್ಯಾಕಿಂಗ್ ವಿಭಾಗದಲ್ಲಿ ಹನ್ನೆರಡು ವರ್ಷ ನಿಂತು ನಿಂತು ಮಂಡಿ ಸವೆದಿತ್ತು. ತಪಾಸಣೆಯ ಕೆಲಸ ಸಿಕ್ಕರೆ ಕೂರಲು ಕುರ್ಚಿ ಸಿಗುತ್ತದೆ. ಅದಕ್ಕೆ ಒಂದು ಪರೀಕ್ಷೆ: ಎಐ ಬಳಸಿ ದಿನದ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು.

ಫೋನಿನಲ್ಲಿ ಎಐ ತೆರೆದುಕೊಟ್ಟು "ಏನು ಬೇಕೋ ಕೇಳಿ ಅಕ್ಕ" ಅಂದೆ. "ಊಟ ಆಯ್ತಾ?" ಅಂತ ಕೇಳಿದರು. ತಾನು ಊಟ ಮಾಡುವುದಿಲ್ಲ ಎಂದು ಎಐ ಹೇಳಿತು. ಅಕ್ಕ ಫೋನ್ ಕೆಳಗಿಟ್ಟರು.

"ಅಸ್ಕೊಂಡಿರೋರ ಕೈಲಿ ಎಂಗ್ ಸಾ ಕೆಲ್ಸ ಮಾಡ್ಸೋದು?"

ನನ್ನ ಜಂಬ

ಮೂರನೇ ವಾರ, ಹುಲ್ಲಹಳ್ಳಿಯಲ್ಲಿ ಭತ್ತದ ನಾಟಿ ಯಾವಾಗ ಎಂದು ಎಐಯನ್ನು ಕೇಳಿ, ಬಂದ ಉತ್ತರವನ್ನು ಗಟ್ಟಿಯಾಗಿ ಓದಿದೆ. "ಜೂನ್ ಮೊದಲ ವಾರ." ಬೇಸಾಯದ ಬಗ್ಗೆ ನಾನೂ ಎರಡು ಮಾತು ಸೇರಿಸಿದೆ.

"ಆಗ ನಾಲೆಗೆ ನೀರೇ ಬಿಟ್ಟಿರಾಕಿಲ್ವಲ್ಲ ಸಾ! ಇದು ಯಾವತ್ತು ಗದ್ದೆಗೆ ಇಳ್ದಿತ್ತು?" ಎಂದರು ಅಕ್ಕ.

ಅವರು ನನ್ನ ಮುಖ ನೋಡಿದರು.

"ನೀವು?"

ಪರೀಕ್ಷೆ

ಪರೀಕ್ಷೆಯ ದಿನ ನನಗೇ ಹೆದರಿಕೆಯಾಗಿತ್ತು. ಫೇಲಾದರೆ ಆ ಮಂಡಿ ಮತ್ತೆ ನಿಲ್ಲಬೇಕಲ್ಲ. ನಡೆದದ್ದನ್ನು ಮುಂದಿನ ಭಾನುವಾರ ಅಕ್ಕನೇ ಹೇಳಿದರು.

ಆರು ಜನ ಬರೆದಿದ್ದರು. ಐವರು ಹತ್ತು ನಿಮಿಷದಲ್ಲಿ ಮುಗಿಸಿ ಎದ್ದುಹೋದರು. ಅಕ್ಕ ಮಾತ್ರ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡು ನೋಡುತ್ತ ಕೂತರು. "ಹತ್ತು ಗಂಟೆಗೆ ಯಂತ್ರ ತೊಳೆಯಲಾಯಿತು" ಎಂಬ ಸಾಲು ಸಿಕ್ಕಿತು. ಅವತ್ತು ಯಂತ್ರ ಕೆಟ್ಟು ನಿಂತಿತ್ತು, ಯಾರೂ ಮುಟ್ಟಿರಲಿಲ್ಲ. ಎಐ ತಾನೇ ಸೇರಿಸಿಕೊಂಡಿತ್ತು. ಅಕ್ಕ ಆ ಸಾಲನ್ನು ಅಳಿಸಿದರು. ಮಿಕ್ಕ ವರದಿಗಳ ಪ್ರಕಾರ ಕೆಟ್ಟ ಯಂತ್ರವನ್ನು ಐದು ಜನ ತೊಳೆದಿದ್ದರು.

"ಅಷ್ಟು ಅಚ್ಚುಕಟ್ಟಾಗಿ ಬರೆದಿದೆ, ನಿಮಗೆ ಅನುಮಾನ ಹೇಗೆ ಬಂತು?" ಎಂದು ಮ್ಯಾನೇಜರ್ ಕೇಳಿದರಂತೆ.

"ತಪ್ಪಿದ್ರೂ ಒಸಿನೂ ಅಳುಕಿಲ್ದೆ ಏಳ್ತದೆ ಸಾ. ಅಂಥೋರ ಜತೆ ಇಪ್ಪತ್ತು ವರ್ಸ ಸಂಸಾರ ಮಾಡಿವ್ನಿ."

ಕುರ್ಚಿ ಸಿಕ್ಕಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ.

"ಆ ಕೆಲಸಕ್ಕೆ ಇನ್ನೂ ಜನ ಬೇಕಾ ಕೇಳಿ. ನನಗೂ ಅಷ್ಟೇ ವರ್ಷದ ಅನುಭವ ಇದೆ" ಅಂದಳು.